ಒಂದೇ ಏಟಿನ ಹಾವುಗತ್ತಿ

ಮಧುಗಿರಿಯಲ್ಲಿರುವ ನಮ್ಮ ಮನೆಯ ಹಜಾರದ ಗೋಡೆಯಲ್ಲಿ ಹನ್ನೊಂದು ಕತ್ತಿಗಳು ತೂಗುತ್ತಿವೆ. ಹನ್ನೊಂದರಲ್ಲಿ ಒಂದೂ ಈರುಳ್ಳಿಯನ್ನು ನೆಟ್ಟಗೆ ಹೆಚ್ಚುವುದಿಲ್ಲ. ಇದನ್ನು ನಾನೇ ಮೊದಲು ಹೇಳಿಬಿಡುವುದು ವಾಸಿ. ಇಲ್ಲದಿದ್ದರೆ ಮನೆಗೆ ಬಂದವರು ಕುರ್ಚಿಯಲ್ಲಿ ಕೂರುವ ಮೊದಲೇ ನನ್ನ ಯಜಮಾನರು ಹೇಳಿಬಿಡುತ್ತಾರೆ. ಅವರು ಹೈಸ್ಕೂಲ್ ಮೇಷ್ಟರಾಗಿ ನಿವೃತ್ತರಾದವರು. ತರಗತಿ ಕೈಬಿಟ್ಟ ಮೇಲೆ ನನ್ನ ಕತ್ತಿಗಳ ಮೇಲೆಯೇ ಅವರ ಪಾಠ.

ಹನ್ನೊಂದೂ ಅಲೆಅಲೆಯಾದ ಅಲಗಿನವು. ಹಾವು ಹರಿದುಹೋದ ಹಾಗೆ ಹಿಡಿಯಿಂದ ತುದಿಯವರೆಗೆ ಬಳುಕಿಕೊಂಡು ಹೋಗುವಂಥವು. ನೆಟ್ಟಗಿನ ಅಲಗಿನ ಕತ್ತಿಯನ್ನು ಯಾರಾದರೂ ಬಿಟ್ಟಿ ಕೊಟ್ಟರೂ ನನಗೆ ಬೇಡ. ಅಂಥದ್ದು ಅಡುಗೆಮನೆಯಲ್ಲಿ ಎರಡಿವೆ, ಸಾಕು.

ನಾನು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ವರ್ಗಾವಣೆಯ ಮೇಲೆ ವರ್ಗಾವಣೆಯಾಗಿ ಶಿರಾ, ಕೊರಟಗೆರೆ, ಪಾವಗಡ, ಕೊನೆಗೆ ಮಧುಗಿರಿ, ಹೀಗೆ ನಾಲ್ಕು ತಾಲ್ಲೂಕಿನ ನೀರು ಕುಡಿದವಳು. ಕುಡುಗೋಲು ತಗುಲಿದ ಕಾಲು, ಮಚ್ಚು ಜಾರಿದ ಬೆರಳು, ಜಗಳದಲ್ಲಿ ಬಿದ್ದ ಏಟು, ಎಲ್ಲದಕ್ಕೂ ಡಾಕ್ಟರ ಪಕ್ಕದಲ್ಲಿ ನಿಂತು ಹತ್ತಿ ಒತ್ತಿದ್ದೇನೆ. ಹಾಗಾಗಿ ಅಲೆಅಲೆಯ ಕತ್ತಿಯಿಂದಾದ ಗಾಯ ವಾಸಿಯಾಗುವುದೇ ಇಲ್ಲ ಎಂದು ಯಾರಾದರೂ ಕಣ್ಣರಳಿಸಿ ಹೇಳಿದರೆ ನನಗೆ ರೇಗುತ್ತದೆ. ನಾನು ನೋಡಿದ ಗಾಯಗಳಲ್ಲಿ ಕೆಟ್ಟವೆಲ್ಲ ತುಕ್ಕು ಹಿಡಿದ ಸಾದಾ ಕುಡುಗೋಲಿನವು. ಅಲೆಯ ಕತ್ತಿಗೆ ಅಷ್ಟೆಲ್ಲ ಯೋಗ್ಯತೆ ಇಲ್ಲ. ಅದು ಪಾಪದ್ದು.

ಹಿಂದೆ ಒಮ್ಮೆ ಸೈಕಲ್ಲಿನಲ್ಲಿ ಸಾಣೆ ಚಕ್ರ ಕಟ್ಟಿಕೊಂಡು ಬರುವವನನ್ನು ಕರೆದು ಒಂದು ಕತ್ತಿಯನ್ನು ಕೊಟ್ಟೆ. ಅವನು ಅದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಅಮ್ಮಾ, ಇದ್ಕೆ ಸಾಣೆ ಹಿಡೀಬೇಕಂದ್ರೆ ಕತ್ತಿ ಬುಟ್ಟು ನನ್ನ ಚಕ್ರಾನೇ ಕುಣಿಸ್ಬೇಕಾಯ್ತದೆ," ಎಂದು ವಾಪಸ್ಸು ಕೊಟ್ಟ. ಅವನು ಹೇಳಿದ್ದು ನಿಜ. ಕಲ್ಲಿಗೆ ಉಜ್ಜಿದರೆ ಉಬ್ಬುಗಳು ಮಾತ್ರ ಸವೆಯುತ್ತವೆ, ತಗ್ಗುಗಳು ಮೊಂಡಾಗಿಯೇ ಉಳಿಯುತ್ತವೆ. ಒರೆಗೆ ಹಾಕಿದರೆ ಸಿಕ್ಕಿಕೊಳ್ಳುತ್ತದೆ. ಬೆಂಡೆಕಾಯಿ ಹೆಚ್ಚಲು ಹೋದರೆ ಒಂದು ತುಂಡು ಒಲೆಯ ಕಡೆ, ಇನ್ನೊಂದು ಬಾಗಿಲ ಕಡೆ.

ಮೊದಲನೆಯ ಕತ್ತಿ ಸಿಕ್ಕಿದ್ದು ಶಿರಾದಲ್ಲಿ. ಡ್ಯೂಟಿ ಮುಗಿಸಿ ಬಸ್‌ಸ್ಟ್ಯಾಂಡಿಗೆ ನಡೆದು ಹೋಗುವ ದಾರಿಯಲ್ಲಿ, ಹಳೆಯ ಮಸೀದಿಯ ಹಿಂದಿನ ಬೀದಿಯಲ್ಲಿ ಒಂದು ಗುಜರಿ ಅಂಗಡಿ ಇತ್ತು. ಕಡಲೆಕಾಯಿ ಮೂಟೆ ಚುಚ್ಚುವ ಕೊಕ್ಕೆಗಳು, ಮುರಿದ ನೇಗಿಲ ಗುಳಗಳು, ಪಂಪ್‌ಸೆಟ್ಟಿನ ಹಲ್ಲುಚಕ್ರಗಳ ರಾಶಿ. ಅದರ ನಡುವೆ ಒಂದು ಮೊಳಕ್ಕಿಂತ ಕಡಿಮೆ ಉದ್ದದ, ಐದು ಬಾಗಿನ ಕತ್ತಿ ಬಿದ್ದಿತ್ತು. ನಾನು ಅಲ್ಲೇ ನಿಂತುಬಿಟ್ಟೆ. ಅಂಗಡಿಯ ವಯಸ್ಸಾದ ಸಾಬರು ನನ್ನ ಬಿಳಿ ಸೀರೆ ನೋಡಿ ಮರ್ಯಾದೆಯಿಂದಲೇ ಹೇಳಿದರು: "ಏ ಕಾಮ್ ಕಾ ನೈ ಅಮ್ಮಾ. ಖಾಲಿ ಶೋಕಿಗೆ ಮಾಡಿರೋದು. ನಿಮ್ಗೆ ಒಳ್ಳೆ ಚೂರಿ ತೋರಿಸ್ತೀನಿ ಬನ್ನಿ."

ಕೆಲಸಕ್ಕೆ ಬಾರದ್ದು ಎಂದು ಮಾರುವವನೇ ಹೇಳಿದ ಸಾಮಾನನ್ನು ಹಟ ಹಿಡಿದು ಕೊಂಡುಕೊಂಡವಳು ಶಿರಾದಲ್ಲಿ ನಾನೊಬ್ಬಳೇ ಇರಬೇಕು. ಬಸ್ಸಿನಲ್ಲಿ ಅದನ್ನು ಪೇಪರಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಂದೆ. ದಾರಿಯುದ್ದಕ್ಕೂ ಪೇಪರಿನ ಮೇಲಿಂದಲೇ ಬಾಗುಗಳನ್ನು ಹೆಬ್ಬೆರಳಿನಲ್ಲಿ ಎಣಿಸುತ್ತಿದ್ದೆ.

ಇನ್ನೊಂದು ಪಾವಗಡದ ಕಡೆ, ಕ್ಯಾತಗಾನಚೆರ್ಲುವಿನಲ್ಲಿ ಸಿಕ್ಕಿತು. ಲಸಿಕೆ ಹಾಕಲು ಹೋಗಿದ್ದಾಗ ಒಬ್ಬ ಅಜ್ಜಿ ಜಗುಲಿಯಲ್ಲಿ ಕೂತು ಅಲೆಅಲೆಯ ಕತ್ತಿಯ ತುದಿಯಿಂದ ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. ಅವರ ಹೊಲವೆಲ್ಲ ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋಗಿ, ಕೆಲಸವಿಲ್ಲದ ಕುಡುಗೋಲುಗಳು ಅಟ್ಟ ಸೇರಿದ್ದವು. ಈ ಕತ್ತಿ ಮಾತ್ರ ಕೆಳಗಿಳಿದು ಹುಣಸೆಹಣ್ಣಿಗೆ ಬಂದಿತ್ತು. ನಾನು ಆಸೆಯಿಂದ ನೋಡಿದ್ದು ಅಜ್ಜಿಗೆ ತಿಳಿಯಿತು. "ಏಮಮ್ಮಾ, ಇದು ನಿಂಗೆ ಬೇಕಾ? ಬೀಜ ತೆಗ್ಯಾಕೆ ಬಿಟ್ರೆ ದೇನಿಕೀ ಪನಿಕಿರಾದು," ಎಂದಳು, ಬೇರೆ ಯಾವ ಕೆಲಸಕ್ಕೂ ಬಾರದು ಎಂದು. ಮುಂದಿನ ವಾರ ಒಂದು ಹೊಸ ಸ್ಟೀಲ್ ಚಾಕು, ಒಂದು ಕತ್ತರಿ ಒಯ್ದು ಕೊಟ್ಟು ಅದನ್ನು ಪಡೆದೆ. ಅಜ್ಜಿ ನನ್ನನ್ನು ಕನಿಕರದಿಂದ ನೋಡಿದಳು. ಮೋಸ ಹೋದವರನ್ನು ನೋಡುವ ನೋಟ ಅದು.

ಈಗ ಫೋನಿನಲ್ಲಿ ನನ್ನಂಥ ತಿಕ್ಕಲರ ಗುಂಪೊಂದಿದೆ. ಬೇರೆ ಬೇರೆ ಊರಿನವರು, ಒಬ್ಬರ ಮುಖ ಒಬ್ಬರು ಕಂಡವರಲ್ಲ. ಯಾರಾದರೂ ಒಂದು ಕತ್ತಿಯ ಫೋಟೋ ಹಾಕಿದರೆ ಎಲ್ಲರೂ ಕೇಳುವುದು ಒಂದೇ: ಎಷ್ಟು ಬಾಗು? ಜಾವಾ ದ್ವೀಪದ ಕಡೆಯ ಕತ್ತಿಗಳಲ್ಲಿ ಬಾಗುಗಳು ಬೆಸವಾಗಿಯೇ ಇರಬೇಕಂತೆ. ಹರಿತವಿದೆಯೇ ಎಂದು ಈವರೆಗೆ ಒಬ್ಬರೂ ಕೇಳಿಲ್ಲ. ಕೇಳಿದವರನ್ನು ಬಹುಶಃ ಗುಂಪಿನಿಂದ ತೆಗೆದುಹಾಕುತ್ತೇವೆ.

ಇದರಲ್ಲಿ ಅಂಥದ್ದೇನಿದೆ ಎಂದು ಕೇಳಿದರೆ ನನ್ನ ಹತ್ತಿರ ಒಂದು ಸಿದ್ಧ ಉತ್ತರವಿದೆ. ನೆಟ್ಟಗಿನ ಕತ್ತಿಯನ್ನು ಮಾಡುವವನು ಕೆಲಸ ನೆನೆದು ಮಾಡುತ್ತಾನೆ. ಅಲೆಯ ಕತ್ತಿಯನ್ನು ಮಾಡಿದವನು ಅದೇ ಕಬ್ಬಿಣವನ್ನು ಮತ್ತೆ ಮತ್ತೆ ಕಾಯಿಸಿ, ಒಂದೊಂದು ಬಾಗಿಗೂ ಬಡಿದು, ಕೊನೆಗೆ ಕಡಿಮೆ ಕೆಲಸಕ್ಕೆ ಬರುವ ಸಾಮಾನೊಂದನ್ನು ಮಾಡಿಟ್ಟಿದ್ದಾನೆ. ಇಷ್ಟು ಶ್ರಮಪಟ್ಟು ಯಾರೂ ಸುಮ್ಮನೆ ಕೆಡಿಸುವುದಿಲ್ಲ. ಬೆಳಿಗ್ಗೆ ಕಿಟಕಿಯ ಬಿಸಿಲು ಗೋಡೆಗೆ ಬಿದ್ದಾಗ ಬೆಳಕು ಅಲಗಿನ ಮೇಲೆ ಇಳಿಯುತ್ತ ಹೋಗುವುದನ್ನು ನೋಡಿದರೆ ಅವನಿಗೆ ಏನು ಬೇಕಿತ್ತು ಎಂದು ನನಗೆ ತಿಳಿಯುತ್ತದೆ.

ಇದು ಬಂದವರಿಗೆ ಕೊಡುವ ಉತ್ತರ. ನಿಜವಾದ ಕಾರಣ ನನ್ನ ತವರುಮನೆಯಲ್ಲಿತ್ತು.

ನನ್ನ ತವರು ಚನ್ನರಾಯನದುರ್ಗದ ಬೆಟ್ಟದ ಬುಡ. ನಮ್ಮ ಹಿರಿಯರಲ್ಲಿ ಯಾರೋ ಕೋಟೆಯ ಕಾವಲಿನಲ್ಲಿದ್ದರಂತೆ, ಅವರ ಸೊಂಟದ ಕತ್ತಿ ಮನೆಗೆ ಉಳಿಯಿತಂತೆ. ಇದಕ್ಕೆ ಕಾಗದವಿಲ್ಲ, ಸಾಕ್ಷಿಯಿಲ್ಲ. ಆದರೆ ಕತ್ತಿಯಂತೂ ಇದೆ. ಒಂದು ಮೊಳ ಉದ್ದದ ಅಲಗು, ಏಳು ಬಾಗು, ಹಿತ್ತಾಳೆಯ ಹಿಡಿ. ಮನೆಯಲ್ಲಿ ಅದನ್ನು ಹಾವುಗತ್ತಿ ಎನ್ನುತ್ತಿದ್ದರು. ದೇವರ ಕೋಣೆಯ ಗೂಡಿನಲ್ಲಿ ಕೆಂಪು ಬಟ್ಟೆ ಸುತ್ತಿಕೊಂಡು ವರ್ಷವೆಲ್ಲ ಮಲಗಿರುತ್ತಿತ್ತು. ಆಯುಧಪೂಜೆಯ ದಿನ ಒಮ್ಮೆ ಎದ್ದು ಬರುತ್ತಿತ್ತು.

ಆ ದಿನ ಬಾಗಿಲ ಮುಂದಿನ ಒರಳುಕಲ್ಲಿನ ಮೇಲೆ ಒಂದು ಬೂದುಗುಂಬಳಕಾಯಿ ಇಡುತ್ತಿದ್ದರು. ನಮ್ಮ ಮನೆಯ ಕುಂಬಳಕಾಯಿಗೆ ಮಾತ್ರ ನಡುಪಟ್ಟಿ ಇರುತ್ತಿತ್ತು. ಬೇರೆಯವರ ಮನೆಯಲ್ಲಿ ಮೇಲೊಂದು ಕುಂಕುಮದ ಬೊಟ್ಟು ಇಟ್ಟರೆ ಆಯಿತು. ನಮ್ಮಮ್ಮ ಕಾಯಿಯ ನಡುವಿಗೆ ಸುತ್ತಲೂ ಅರಿಶಿನ ಬಳಿದು ಅದರ ಮೇಲೆ ಕುಂಕುಮದ ಪಟ್ಟಿ ಎಳೆಯುತ್ತಿದ್ದಳು. ಅಪ್ಪ ಕರ್ಪೂರ ಹಚ್ಚಿ, ಹಾವುಗತ್ತಿ ಎತ್ತಿ, ಒಂದೇ ಏಟು. ಕಾಯಿ ಎರಡು ಹೋಳು. ಸುತ್ತ ನಿಂತ ದಾಯಾದಿಗಳು ಹೋ ಎನ್ನುತ್ತಿದ್ದರು. ನೆಟ್ಟಗಿನ ಮಚ್ಚು ಹಿಡಿದ ಪಕ್ಕದ ಮನೆಯವರಿಗೆ ಎರಡು ಮೂರು ಏಟು ಬೇಕಾಗುತ್ತಿತ್ತು. ಅವರ ಮುಖ ನೋಡಿ ನಾನು ಬೀಗುತ್ತಿದ್ದೆ.

ಆ ಒಂದು ಏಟಿನ ಹಿಂದೆ ನಾನು ಇಡೀ ಆಯುಷ್ಯ ಓಡಿದ್ದೇನೆ. ಅಲೆಯ ಕತ್ತಿ ಕೆಲಸಕ್ಕೆ ಬಾರದ್ದು ಎಂದು ಎಲ್ಲರೂ ಹೇಳಲಿ, ನಾನು ಕಣ್ಣಾರೆ ಕಂಡಿದ್ದೆನಲ್ಲ. ಕೊಂಡುತಂದ ಹನ್ನೊಂದೂ ಸೋತರೂ ಅದೊಂದು ಗೆದ್ದಿತ್ತು. ಆದರೆ ಅದನ್ನು ಮುಟ್ಟುವ ಹಾಗಿರಲಿಲ್ಲ. ಹೆಣ್ಣುಮಕ್ಕಳು ಬೇರೆ ಮನೆಗೆ ಹೋಗುವವರು, ಹಾವುಗತ್ತಿ ಹಿರಿಮಗನ ಕೈಯಿಂದ ಹಿರಿಮಗನ ಕೈಗೆ ಹೋಗತಕ್ಕದ್ದು. ಅಪ್ಪನ ನಂತರ ಅದು ಅಣ್ಣನಿಗೆ ಬಂತು. ಅಣ್ಣನ ಕೈಯಲ್ಲೂ ವರ್ಷ ತಪ್ಪದೆ ಒಂದೇ ಏಟಿಗೆ ಕಾಯಿ ಸೀಳುತ್ತಿತ್ತು.

ನನ್ನ ಗೋಡೆಯ ನಡುವೆ ಒಂದು ಖಾಲಿ ಮೊಳೆ ಇದೆ. ಹನ್ನೊಂದು ಕತ್ತಿಗಳನ್ನು ಅದರ ಎರಡು ಬದಿಗೆ ಹಂಚಿ ಹಾಕಿದ್ದೇನೆ. ಆ ಮೊಳೆ ಯಾವುದಕ್ಕೆ ಎಂದು ಯಾರಿಗೂ ಹೇಳಿರಲಿಲ್ಲ, ಆದರೆ ಅಣ್ಣ ನೋಡಿದ ತಕ್ಷಣ ತಿಳಿದುಕೊಂಡಿದ್ದ.

ಹೋದ ವರ್ಷ ಗೌರಿಹಬ್ಬಕ್ಕೆ ಅಣ್ಣ ಬಾಗಿನ ತಂದ. ಒಬ್ಬನೇ ಬಂದಿದ್ದ. ಅತ್ತಿಗೆ ಯಾಕೆ ಬರಲಿಲ್ಲ ಎಂದರೆ, "ಕೊಟ್ಟಿಗೆ ಮೆಟ್ಲಲ್ಲಿ ಜಾರಿ ಬಿದ್ಬುಟ್ಳು ಕಣವ್ವ. ಬಲಗೈ ಮಣಿಕಟ್ಟು ಮುರ್ದೈತೆ. ಡಾಕ್ಟ್ರು ಬ್ಯಾಂಡೇಜ್ ಹಾಕವ್ರೆ. ಹಬ್ಬಗಳೆಲ್ಲ ಮುಗಿಯೋಗಂಟ ಕೈಯಾಡ್ಸಂಗಿಲ್ಲ," ಎಂದ. ಅವನ ಭುಜವೂ ಸರಿಯಿರಲಿಲ್ಲ. ಮೊರದ ಬಾಗಿನ ಕೊಡುವಾಗ ಎಡಗೈಯಿಂದ ಬಲಗೈಯನ್ನು ತಾಂಗಿ ಹಿಡಿದು ಕೊಟ್ಟ. ಅರವತ್ತೆಂಟು ದಾಟಿದ ಮೇಲೆ ಭುಜ ಹಿಡಿದುಕೊಂಡರೆ ಬೇಗ ಬಿಡುವುದಿಲ್ಲ. ಎಣ್ಣೆ ತಿಕ್ಕಬೇಡ, ಕೈ ಆಡಿಸು ಎಂದು ಬೈದೆ.

ಊಟವಾದ ಮೇಲೆ ಹಜಾರದಲ್ಲಿ ಕೂತು ಗೋಡೆ ನೋಡಿದ. "ಅಲ್ಲ ಕಣವ್ವ, ಇಷ್ಟೊಂದು ನೇತಾಕ್ಕೊಂಡಿದ್ದೀಯಲ್ಲ, ಇದ್ರಾಗೆ ಒಂದಾನ ಕುಂಬ್ಳಕಾಯಿ ಸೀಳ್ತದಾ?"

ನನಗೆ ಚುರುಕ್ಕೆಂದಿತು. "ಸೀಳೋದೊಂದು ನಿನ್ನತ್ರ ಐತಲ್ಲ. ಅದನ್ನ ಬಟ್ಟೆಲಿ ಸುತ್ತಿ ಕತ್ತಲೇಲಿ ಮಲಗ್ಸಿದ್ದೀಯ. ಇಲ್ಲಿದ್ದಿದ್ರೆ ದಿನಾ ನೋಡೋರು ಇರ್ತಿದ್ರು."

ಯಜಮಾನರು ಪೇಪರಿನ ಹಿಂದಿನಿಂದ ಕೆಮ್ಮಿದರು. ಅಣ್ಣ ಸ್ವಲ್ಪ ಹೊತ್ತು ಖಾಲಿ ಮೊಳೆಯನ್ನೇ ನೋಡುತ್ತಿದ್ದು ಆಮೇಲೆ ಹೇಳಿದ: "ಆಯ್ತು. ಈ ಸಲ ಆಯುಧಪೂಜೆಲಿ ಒಂದೇ ಏಟಿಗೆ ಸೀಳ್ಲಿಲ್ಲ ಅಂದ್ರೆ ಹಾವ್ಗತ್ತಿ ನಿಂದು. ಕೆಲ್ಸ ಮುಗಿದ ಕತ್ತಿ ಯಾರ ಮನೇಲಿದ್ರೇನು? ದಾಯಾದಿಗಳೂ ಬಾಯಿ ಮುಚ್ಕೊಂಡಿರ್ತಾರೆ. ಸೀಳ್ತು ಅಂದ್ರೆ ಆ ಮೊಳೆ ಕಿತ್ತಾಕು."

ನಾನು ಒಪ್ಪಿದೆ. ಒಪ್ಪುವಾಗ ಅವನ ಭುಜದ ಮೇಲೆ ನನ್ನ ಕಣ್ಣಿತ್ತು. ಈ ತೋಳು ಕಿವಿಯಿಂದ ಮೇಲೆ ಏಳುವುದಿಲ್ಲ ಎಂದು ನರ್ಸಾದ ನನಗೆ ತಿಳಿದಿತ್ತು. ಸ್ವಂತ ಅಣ್ಣನ ನೋವನ್ನು ಲೆಕ್ಕಕ್ಕೆ ಹಿಡಿದು ಪಂದ್ಯ ಒಪ್ಪಿಕೊಂಡೆ. ಇವತ್ತಿಗೂ ಅದಕ್ಕೆ ನಾಚಿಕೆಯಾಗುತ್ತದೆ.

ಆಯುಧಪೂಜೆಯ ಬೆಳಿಗ್ಗೆ ಕೊರಟಗೆರೆಯ ಕಡೆಯ ಬಸ್ಸು ಹಿಡಿದು, ದಾರಿಯಲ್ಲಿ ಇಳಿದು, ಆಟೋದಲ್ಲಿ ತವರು ಸೇರಿದೆ. ಕತ್ತಿ ಸುತ್ತಿ ತರಲು ಬ್ಯಾಗಿನಲ್ಲಿ ಒಂದು ಮೆತ್ತನೆಯ ಟವೆಲ್ಲೂ ಇತ್ತು. ಅಂಗಳದಲ್ಲಿ ಟ್ರ್ಯಾಕ್ಟರ್ ತೊಳೆದು ನಿಲ್ಲಿಸಿದ್ದರು. ಅಣ್ಣ ಹಿತ್ತಲಲ್ಲಿ ಗುದ್ದಲಿ, ಕುಡುಗೋಲು, ಮಚ್ಚುಗಳನ್ನು ತೊಳೆದು ಸಾಲಾಗಿ ಇಡುತ್ತಿದ್ದ. ನಮ್ಮ ಕಡೆ ಪೂಜೆಗಿಟ್ಟ ಯಾವ ಆಯುಧವನ್ನೂ ಆ ದಿನ ಮತ್ತೆ ಮುಟ್ಟಿ ಕೆಲಸ ಮಾಡುವ ಹಾಗಿಲ್ಲ. ಹಾಗಾಗಿ ಅಡುಗೆಗೆ ಬೇಕಾದ ತರಕಾರಿಯನ್ನೆಲ್ಲ ಬೆಳಿಗ್ಗೆಯೇ ಹೆಚ್ಚಿಟ್ಟು, ಈಳಿಗೆ ಮಣೆಯನ್ನೂ ತೊಳೆದು ಪೂಜೆಗೆ ಕೊಡಬೇಕು.

ಅಡುಗೆಮನೆಗೆ ಹೋದೆ. ಅತ್ತಿಗೆ ಬ್ಯಾಂಡೇಜಿನ ಕೈಯನ್ನು ಎದೆಗೆ ಆನಿಸಿಕೊಂಡು ಕೂತಿದ್ದಳು. ಪಕ್ಕದಲ್ಲಿ ಈಳಿಗೆ ಮಣೆ, ಎದುರಿಗೆ ಬೂದಿ ಮೆತ್ತಿದ ದೊಡ್ಡ ಕುಂಬಳಕಾಯಿ. ನನ್ನನ್ನು ಕಂಡದ್ದೇ, "ಬಂದ್ಯಾ ತಾಯಿ, ಬಾಗ್ಲು ಮುಂದಕ್ಕೆ ಹಾಕು," ಎಂದಳು.

ಹಾಕಿದೆ.

"ನಿಂಗೊಂದು ಮಾತು ಹೇಳ್ತೀನಿ, ಯಾರ್ಗೂ ಹೇಳ್ಬ್ಯಾಡ. ನಿಮ್ಮಣ್ಣಂಗಂತೂ ಗೊತ್ತಾಗ್ಲೇಬಾರ್ದು. ನಿಮ್ಮವ್ವ ಹೋಗೋಕೆ ಮುಂಚೆ ನಂಗೊಬ್ಳಿಗೇ ಹೇಳ್ಕೊಟ್ಟಿದ್ದು. ಈ ಕಾಯಿಗೆ ನಡೂಕೆ ಸುತ್ತ ಗೀರು ಹಾಕ್ಬೇಕು ಕಣಮ್ಮ. ಆಳಕ್ಕೆ. ಒಳಗಡೆ ಎರಡು ಬೆರಳಷ್ಟು ಬುಟ್ಟು ಉಳಿದಿದ್ದೆಲ್ಲ ಕೊಯ್ದಿರ್ಬೇಕು. ನಾನು ನೆನ್ನೆ ಎಡಗೈಲಿ ಒಂದು ಸೋರೆಕಾಯಿ ಮ್ಯಾಲೆ ಮಾಡಿ ನೋಡ್ದೆ, ಆಗ್ಲಿಲ್ಲ. ನೀನು ಹಾಕ್ಕೊಡು."

ನನಗೆ ಒಂದು ಗಳಿಗೆ ಏನೂ ತಿಳಿಯಲಿಲ್ಲ. "ಗೀರು ಯಾಕೆ?"

"ಯಾಕೆ ಅಂದ್ರೆ! ಆ ಕತ್ತಿಲಿ ಬಾಳೆಹಣ್ಣು ಕುಯ್ಯಕಾಗಲ್ಲ, ಕುಂಬ್ಳಕಾಯಿ ಹೆಂಗೆ ಒಡೀತದೆ? ನಿಮ್ಮಪ್ಪ ಮೊದಲ್ನೇ ವರ್ಷ ಮೂರು ಏಟು ಹೊಡೆದು ಎಲ್ರೂ ನಕ್ಕಿದ್ರಂತೆ. ಆವತ್ತು ಅವ್ರು ಊಟ ಮಾಡ್ಲಿಲ್ವಂತೆ. ಮಾರನೇ ವರ್ಷದಿಂದ ನಿಮ್ಮವ್ವ ಈಳ್ಗೆ ಮಣೇಲಿ ಗೀರಾಕಿ, ಅಕ್ಕಿಹಿಟ್ಟು ಅರಿಶ್ನ ಕಲಸಿ ಮೆತ್ತಿ, ಮ್ಯಾಲೆ ಪಟ್ಟಿ ಬಳೀತಿದ್ಲು."

ನನಗೆ ಮೊದಲು ಬಂದದ್ದು ಸಿಟ್ಟು. ಅತ್ತಿಗೆಯ ಮೇಲೆ, ಸತ್ತು ಎಷ್ಟೋ ವರ್ಷವಾದ ಅಮ್ಮನ ಮೇಲೆ. ಅಲಂಕಾರ ಎಂದುಕೊಂಡಿದ್ದ ನಡುಪಟ್ಟಿ ಗಾಯದ ಮೇಲಿನ ಬ್ಯಾಂಡೇಜಾಗಿತ್ತು! ಜೀವಮಾನವೆಲ್ಲ ಬ್ಯಾಂಡೇಜು ಕಟ್ಟಿದ ನನಗೆ ಅದು ಕಾಣಲಿಲ್ಲ. ಪೂಜೆಗಿಟ್ಟ ಆಯುಧಗಳ ಸಾಲಿನಲ್ಲಿ ಅಮ್ಮ ಮೊದಲ ಕುಂಕುಮವನ್ನು ಈಳಿಗೆ ಮಣೆಗೇ ಇಡುತ್ತಿದ್ದಳು. ಯಾಕೆ ಎಂದು ಕೇಳಿದ್ದಕ್ಕೆ, "ದುಡಿಯೋದು ಅದೇ ಅಲ್ವೇನೇ," ಎಂದಿದ್ದಳು. ಹೇಳಿಯೇ ಇದ್ದಳು, ಪುಣ್ಯಾತಗಿತ್ತಿ. ನಾನು ಹಾವುಗತ್ತಿಯನ್ನು ನೋಡುತ್ತಾ ನಿಂತಿದ್ದೆ.

ಆಮೇಲೆ ಇನ್ನೊಂದು ಯೋಚನೆ ಬಂತು. ಪಂದ್ಯದ ವಿಷಯ ಅತ್ತಿಗೆಗೆ ಗೊತ್ತಿರಲಿಲ್ಲ, ಅಣ್ಣ ಹೇಳಿರಲಿಲ್ಲ. ನಾನು ಗೀರು ಹಾಕದಿದ್ದರೆ ಸಾಕು. ಕೈ ನಡುಗುತ್ತದೆ ಎಂದರೆ ಮುಗಿಯಿತು. ಕಾಯಿ ಒಡೆಯುವುದಿಲ್ಲ, ಹಾವುಗತ್ತಿ ಟವೆಲ್ಲಿನಲ್ಲಿ ಸುತ್ತಿಕೊಂಡು ಮಧುಗಿರಿಗೆ ಬರುತ್ತದೆ. ಅದರ ಗೆಲುವು ಸುಳ್ಳು ಎಂದು ಗೊತ್ತಾದ ಮೇಲೂ ನನಗೆ ಅದು ಬೇಕಾಗಿತ್ತು. ಇನ್ನೂ ಹೆಚ್ಚು ಬೇಕಾಗಿತ್ತು ಎಂದರೂ ತಪ್ಪಿಲ್ಲ. ನನ್ನ ಹನ್ನೊಂದರ ಹಾಗೆ ಅದೂ ಯಾವ ಕೆಲಸಕ್ಕೂ ಬಾರದ್ದು. ಅಲ್ಲಿಗೆ ಅದು ನಮ್ಮ ಗುಂಪಿನದೇ.

ಮಣೆಯ ಮುಂದೆ ಕೂತೆ, ಕಾಯಿ ಮುಟ್ಟಲಿಲ್ಲ. ಅಡುಗೆಮನೆಯ ಕಿಂಡಿಯಿಂದ ಹಿತ್ತಲು ಕಾಣುತ್ತದೆ. ಅಣ್ಣ ತೊಳೆದ ಮಚ್ಚು ಕೆಳಗಿಟ್ಟು, ಸುತ್ತಮುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಬರಿಗೈಯನ್ನು ಮೇಲೆತ್ತಿದ. ಕಿವಿಯವರೆಗೆ ಬಂದು ತೋಳು ನಿಂತಿತು. ಮುಖ ಕಿವುಚಿಕೊಂಡ. ಇಳಿಸಿ ಮತ್ತೆ ಎತ್ತಿದ. ಮತ್ತೆ ಎತ್ತಿದ. ಒಂದು ಏಟಿಗಾಗಿ ಆ ಮುದುಕ ಕದ್ದು ಅಭ್ಯಾಸ ಮಾಡುತ್ತಿದ್ದ. ನಮ್ಮಪ್ಪ ಊಟ ಬಿಟ್ಟಿದ್ದು ನಾನು ಕಂಡಿಲ್ಲ. ಇವನು ಊಟ ಬಿಡುವುದನ್ನು ಕಾಣಲು ನಾನು ತಯಾರಿರಲಿಲ್ಲ.

"ಕಾಯಿ ಇತ್ತ ಉರುಳ್ಸು," ಎಂದೆ ಅತ್ತಿಗೆಗೆ.

ಮಣೆಯ ಮೇಲೆ ಕಾಲೂರಿ, ಅಷ್ಟು ದೊಡ್ಡ ಕಾಯಿಯನ್ನು ಅಲಗಿಗೆ ಒತ್ತಿ ಸುತ್ತ ತಿರುಗಿಸುವುದು ಹೇಳಿದಷ್ಟು ಸುಲಭವಲ್ಲ. ಎರಡೂ ಮೊಣಕಾಲು ಬೇಕು, ಎದೆಯೂ ಬೇಕು. ಅತ್ತಿಗೆ ಎಡಗೈಯಿಂದ ಹಿಡಿದುಕೊಂಡು, "ತೊಟ್ಟಿನ ಕಡೆ ಹೋಗ್ಬ್ಯಾಡ, ಇನ್ನೊಂಚೂರು ಒತ್ತು, ಸಾಕು ಸಾಕು," ಎನ್ನುತ್ತಿದ್ದಳು. ಸೀರೆ ಮೇಲೆಲ್ಲ ಬೂದಿ, ಅಂಗೈ ತುಂಬ ಕಾಯಿಯ ನೀರು. ಸುತ್ತು ಮುಗಿಸಿ ನೋಡಿದರೆ ಹೊರಟ ಜಾಗಕ್ಕೆ ಗೀರು ಬಂದು ಸೇರಿರಲಿಲ್ಲ. ಒಂದು ಬೆರಳಿನಷ್ಟು ಪಕ್ಕಕ್ಕೆ ಸರಿದು ನಿಂತಿತ್ತು. ಮತ್ತೆ ಹಾಕಲು ಕಾಯಿ ಇರಲಿಲ್ಲ, ಹೊತ್ತೂ ಇರಲಿಲ್ಲ. ಅಣ್ಣ ಹಿತ್ತಲಿನಿಂದ, "ಈಳ್ಗೆ ಮಣೆ ಕೊಡ್ರೇ," ಎಂದು ಕೂಗುತ್ತಿದ್ದ.

ಒರೆಸಿ, ಹಿಟ್ಟು ಮೆತ್ತಿ, ತಪ್ಪು ಮುಚ್ಚಬೇಕಲ್ಲ ಎಂದು ಪಟ್ಟಿಯನ್ನು ಅಗಲವಾಗಿ ಬಳಿದೆ. ಅಮ್ಮನ ಪಟ್ಟಿ ಎರಡು ಬೆರಳಿನದು, ನನ್ನದು ನಾಲ್ಕು ಬೆರಳಾಯಿತು. ಈಳಿಗೆ ಮಣೆಯನ್ನು ತೊಳೆದು ನಾನೇ ಹೊರಗೆ ಒಯ್ದು ಸಾಲಿನಲ್ಲಿಟ್ಟೆ. ಮೊದಲ ಕುಂಕುಮ ಅದಕ್ಕೇ ಇಟ್ಟೆ.

ಮಧ್ಯಾಹ್ನಕ್ಕೆ ದಾಯಾದಿಗಳೆಲ್ಲ ಸೇರಿದರು. ಅಣ್ಣ ಕೆಂಪು ಬಟ್ಟೆ ಬಿಚ್ಚಿ ಹಾವುಗತ್ತಿ ಹೊರತೆಗೆದ. ಒರಳುಕಲ್ಲಿನ ಮೇಲಿನ ಕಾಯಿಯ ಹತ್ತಿರ ಬಂದು ಒಂದು ಕ್ಷಣ ನಿಂತ. ಪಟ್ಟಿಯನ್ನು ನೋಡಿದ. ತಲೆ ಎತ್ತಿ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದ. ಕರ್ಪೂರ ಹಚ್ಚಿ ಬೆಳಗಿದ. ಆಮೇಲೆ ತೋಳು ಏಳುವಷ್ಟೇ ಎತ್ತಿ, ಕಿವಿಯ ಹತ್ತಿರದಿಂದಲೇ ಇಳಿಸಿದ.

ಕಾಯಿ ಎರಡು ಹೋಳಾಯಿತು. ಹೋ ಎಂದರು. ಅತ್ತಿಗೆ ಕಣ್ಣು ಒರೆಸಿಕೊಂಡಳು. ನಾನೂ ಚಪ್ಪಾಳೆ ತಟ್ಟಿದೆ, ಚಿಕ್ಕವಳಿದ್ದಾಗ ತಟ್ಟಿದ ಹಾಗೆಯೇ. ಸುಳ್ಳೆಂದು ಗೊತ್ತಿದ್ದೂ ಆ ಏಟು ನೋಡಲು ಅಷ್ಟೇ ಚೆನ್ನಾಗಿತ್ತು. ಅದೇ ನನಗೆ ಆಶ್ಚರ್ಯ.

ಊಟ ಮುಗಿದು ಜನ ಹೋದ ಮೇಲೆ ಅಣ್ಣ ಜಗುಲಿಯಲ್ಲಿ ಕೂತು ನನ್ನನ್ನು ಕರೆದ. ಮಡಿಲಲ್ಲಿ ಹಾವುಗತ್ತಿ ಇತ್ತು, ಅದರ ಮೇಲೆ ಕಾಯಿಯ ನೀರು ಒಣಗಿ ಅಂಟಾಗಿತ್ತು. "ತಗೋ, ಒರ್ಸು," ಎಂದು ನನ್ನ ಕೈಗೆ ಕೊಟ್ಟ. ಅರವತ್ತೆರಡನೆಯ ವಯಸ್ಸಿನಲ್ಲಿ ಮೊದಲ ಸಲ ಅದನ್ನು ಹಿಡಿದೆ. ನೆನೆಸಿಕೊಂಡಿದ್ದಕ್ಕಿಂತ ಹಗುರವಾಗಿತ್ತು. ಬ್ಯಾಗಿನಿಂದ ಟವೆಲ್ ತೆಗೆದು ಒರೆಸುತ್ತ ಹೆಬ್ಬೆರಳಿನಲ್ಲಿ ಏಳು ಬಾಗುಗಳನ್ನೂ ಎಣಿಸಿದೆ. ಅಲಗು ಸೌದೆಯಷ್ಟು ಮೊಂಡಾಗಿತ್ತು.

ಅಣ್ಣ ಬೀದಿ ನೋಡುತ್ತಲೇ ಹೇಳಿದ: "ಅಮ್ಮನ ಗೀರು ದಾರ ಎಳ್ದಂಗೆ ಇರ್ತಿತ್ತು. ನಿಮ್ಮತ್ತಿಗೇದು ಒಂಚೂರು ತೊಟ್ಟಿನ ಕಡೆ ಹೋಗ್ತದೆ. ನಿಂದು ಎರಡು ತುದಿ ಕೂಡೇ ಇಲ್ಲ ಕಣವ್ವ."

ಟವೆಲ್ ಕೈಯಲ್ಲೇ ನಿಂತಿತು. "ನಿಂಗೆ ಗೊತ್ತಿತ್ತಾ?"

"ಅಪ್ಪಂಗೂ ಗೊತ್ತಿತ್ತು. ನನ್ನ ಕೈಗೆ ಕತ್ತಿ ಕೊಟ್ಟ ದಿನ ಕಿವೀಲಿ ಒಂದೇ ಮಾತು ಹೇಳಿದ್ದು. 'ಪಟ್ಟಿ ಮ್ಯಾಲೆ ಹೊಡಿ' ಅಂತ."

"ಮತ್ತೆ ಹಿತ್ತಲಲ್ಲಿ ಕೈ ಎತ್ತಿ ಎತ್ತಿ ಅಭ್ಯಾಸ ಮಾಡ್ತಿದ್ದೆ?"

"ಅಭ್ಯಾಸ ಯಾತರದ್ದು? ಕೈ ಆಡ್ಸು ಅಂತ ಬೈದಿದ್ದು ನೀನೇ ಅಲ್ವಾ? ದಿನಾ ಇಪ್ಪತ್ತು ಸಲ ಎತ್ತೀನಿ. ಯಾರಾನ ನೋಡುದ್ರೆ ನಗ್ತಾರೆ ಅಂತ ಹಿತ್ತಲಾಗೆ."

ನನಗೆ ನಗು ಬಂತು, ಸಿಟ್ಟೂ ಬಂತು. "ಹಂಗಾದ್ರೆ ಗೌರಿಹಬ್ಬದಾಗೆ ಪಂದ್ಯ ಯಾಕೆ ಕಟ್ಟಿದೆ? ಅತ್ತಿಗೆ ಕೈ ಮುರ್ದಿತ್ತು. ಗೀರು ಹಾಕೋರು ಯಾರೂ ಇರ್ಲಿಲ್ಲ. ಸೋಲ್ತೀನಿ ಅಂತ ಗೊತ್ತಿತ್ತಲ್ಲ ನಿಂಗೆ?"

"ಗೊತ್ತಿತ್ತು," ಎಂದ. "ಸುಮ್ನೆ ಕೊಟ್ರೆ ದಾಯಾದಿಗಳು ಬುಡ್ತಾರಾ? ಮನೆ ಕತ್ತಿ ಹೆಣ್ಮಗಳಿಗೆ ಕೊಟ್ಟ ಅಂತಾರೆ. ಸೋತ ಕತ್ತಿ ಆದ್ರೆ ಯಾರೂ ಕೇಳಲ್ಲ. ಆ ಮೊಳೆ ನೋಡಿ ನೋಡಿ ನಂಗೂ ಸಾಕಾಗಿತ್ತು ಕಣವ್ವ. ನೀನು ಚಿಕ್ಕೋಳಿದ್ದಾಗಿಂದ ಕೇಳ್ತಿದ್ದೆ. ಈ ಸಲ ನಿನ್ನ ಮನೆ ಸೇರ್ತದೆ ಅಂತ ನೆಮ್ದಿಯಾಗಿದ್ದೆ. ನೀನೇ ಕೆಡಿಸ್ಬುಟ್ಟೆ."

ನಾನು ಅಲಗನ್ನು ಮತ್ತೆ ಒರೆಸತೊಡಗಿದೆ. "ಪಟ್ಟಿ ನೋಡಿದ ಕೂಡ್ಲೆ ಗೊತ್ತಾಗಿರ್ಬೇಕಲ್ಲ. ಬೇರೆ ಕಡೆ ಹೊಡೀಬೋದಿತ್ತು."

"ನೀನು ಸೀರೆಯೆಲ್ಲ ಬೂದಿ ಮಾಡ್ಕೊಂಡು ಗೀರು ಹಾಕಿದ್ದೀಯ," ಎಂದ ಅಣ್ಣ. "ಅದನ್ನ ಬುಟ್ಟು ಬೇರೆ ಕಡೆ ಹೆಂಗೆ ಹೊಡೀಲಿ?"

ಹಾವುಗತ್ತಿಯನ್ನು ಅವನ ಕೈಗೆ ಕೊಟ್ಟೆ. ಅವನು ಕೆಂಪು ಬಟ್ಟೆ ಸುತ್ತಿದ. ಒಳಗೆ ಹೋಗುವಾಗ ಬಾಗಿಲಲ್ಲಿ ನಿಂತು, "ನಿಮ್ಮತ್ತಿಗೆಗೆ ಹೇಳ್ಬ್ಯಾಡ, ಪಾಪ," ಎಂದ.

ಹೇಳಲಿಲ್ಲ. ಮಧುಗಿರಿಗೆ ಬಂದು ಯಜಮಾನರಿಗೆ ಮಾತ್ರ ಎಲ್ಲ ಹೇಳಿದೆ. ಪಂದ್ಯದ ಪ್ರಕಾರ ಮೊಳೆ ಕೀಳಲು ಇಕ್ಕಳ ಹಿಡಿದು ನಿಂತರೆ, "ಇರಲಿ ಬಿಡು," ಎಂದು ಅದಕ್ಕೆ ಕ್ಯಾಲೆಂಡರ್ ನೇತುಹಾಕಿದರು. ಎರಡು ಕಡೆ ಕತ್ತಿ, ನಡುವೆ ಕ್ಯಾಲೆಂಡರ್. ನೋಡಲು ಚೆನ್ನಾಗಿಲ್ಲ. ಬಂದವರು ಈಗ ಅದನ್ನೂ ಕೇಳುತ್ತಾರೆ.

ಅತ್ತಿಗೆಯ ಕೈ ಕೂಡಿಕೊಂಡಿದೆ, ಆದರೆ ಹಿಡಿತ ಮೊದಲಿನ ಹಾಗಿಲ್ಲ. ಎರಡು ತಿಂಗಳ ಹಿಂದೆ ಫೋನು ಮಾಡಿ, "ಈ ವರ್ಷಾನೂ ನೀನೇ ಬಂದು ಹಾಕ್ಕೊಡು ತಾಯಿ, ನಿಮ್ಮಣ್ಣಂಗೆ ಗೊತ್ತಾಗ್ದಂಗೆ," ಎಂದಳು. ಆಗಲಿ ಎಂದೆ. ಅಂದಿನಿಂದ ಸಂತೆಯಲ್ಲಿ ವಾರಕ್ಕೊಂದು ಬೂದುಗುಂಬಳಕಾಯಿ ತರುತ್ತಿದ್ದೇನೆ. ಮಣೆಯ ಮೇಲೆ ಕಾಲೂರಿ, ಮೊಣಕಾಲಿನಲ್ಲಿ ಒತ್ತಿ, ಸುತ್ತ ತಿರುಗಿಸಿ ಗೀರು ಹಾಕುತ್ತೇನೆ. ಯಜಮಾನರು ಕುಂಬಳಕಾಯಿಯ ಮಜ್ಜಿಗೆಹುಳಿ ಉಂಡು ಉಂಡು ಸೋತಿದ್ದಾರೆ, ಆದರೆ ಈಗ ಕತ್ತಿಗಳ ಬಗ್ಗೆ ಪಾಠ ಮಾಡುವುದಿಲ್ಲ. ಕಾಯಿ ಹಿಡಿದುಕೊಳ್ಳಲು ಬಂದು ಕೂರುತ್ತಾರೆ. ಮೊದಲ ಕಾಯಿಯಲ್ಲಿ ತುದಿಗಳು ಎರಡು ಬೆರಳು ತಪ್ಪಿದವು, ಆಮೇಲೆ ಒಂದು ಬೆರಳು, ಆಮೇಲೆ ಅರ್ಧ.

ಹೋದ ಭಾನುವಾರ ಎರಡು ತುದಿಯೂ ಕೂಡಿದವು.